ಸುರ್ಮಾಯಿಯ ಉದ್ದ ಎಷ್ಟು?



ಬೆಳಗಾವಿಯಿಂದ ಕಡಲಿಗೆ ಇಳಿಯುವ ಮುಖ್ಯ ದಾರಿಗಳು ಮೂರು. ಹಿಂಡಲಗಾ ದಾಟಿ ಹೋಗುವ ವೆಂಗುರ್ಲಾ ರಸ್ತೆ ಒಂದು, ಜಾಂಬೋಟಿ–ಕಣಕುಂಬಿ ಮೇಲೆ ಚೋರ್ಲಾ ಘಾಟ್ ಇನ್ನೊಂದು, ಖಾನಾಪುರ–ರಾಮನಗರದ ಮೇಲೆ ಅನಮೋಡ ಘಾಟ್ ಮತ್ತೊಂದು. ನಾವು ಈ ದಾರಿಗಳಲ್ಲಿ ರಜೆಗೆಂದು ಇಳಿಯುತ್ತೇವೆ. ಮೀನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕೂತು ಹತ್ತಿ ಬರುತ್ತದೆ. ಬಾಂಗಡಾ, ತಾರ್ಲಿ, ಪಾಪ್ಲೆಟ್, ಎಲ್ಲಕ್ಕಿಂತ ಗತ್ತಿನ ಮೀನು ಸುರ್ಮಾಯಿ. ಗೋವಾದವರು ಇಸ್ವಣ ಅನ್ನುತ್ತಾರೆ, ಮಂಗಳೂರಿನವರು ಅಂಜಲ್ ಅನ್ನುತ್ತಾರೆ. ಇವತ್ತಿನ ಮಾತು ಈ ಮೀನಿನ ಆರೋಗ್ಯದ ಬಗ್ಗೆ. ತಿನ್ನುವವರ ಆರೋಗ್ಯವನ್ನು ವೈದ್ಯರಿಗೆ ಬಿಟ್ಟಿದ್ದೇನೆ. ನಾನು ಹೇಳುವುದು ಕಡಲಿನಲ್ಲಿರುವ ಅದರ ಸಂತತಿಯ ಆರೋಗ್ಯ.

ಸುರ್ಮಾಯಿ ಬರಿಯ ಅಡಿಗೆಮನೆಯ ಮೀನಲ್ಲ. ಗಾಳದ ಆಟ ಆಡುವವರಿಗೆ ಜಗತ್ತಿನಾದ್ಯಂತ ಇದು ದೊಡ್ಡ ಪಂದ್ಯದ ಮೀನು. ಓಡುವ ದೋಣಿಯ ಹಿಂದೆ ಗಾಳ ಎಳೆದುಕೊಂಡು ಹೋದರೆ ಈಟಿಯಂತಹ ಮೈಯ ಈ ಮೀನು ಹಿಂದಿನಿಂದ ಬಂದು ಹೊಡೆಯುತ್ತದೆ, ಒಂದೇ ಉಸಿರಿಗೆ ಹತ್ತಾರು ಮಾರು ದಾರ ಎಳೆದುಕೊಂಡು ಓಡುತ್ತದೆ. 1982ರಲ್ಲಿ ದಕ್ಷಿಣ ಆಫ್ರಿಕದ ಸ್ಕಾಟ್‌ಬರ್ಗ್ ಬಳಿ ಗಾಳಕ್ಕೆ ಸಿಕ್ಕ ಸುರ್ಮಾಯಿ ತೂಗಿದ್ದು 44.91 ಕಿಲೋ. ಅಷ್ಟು ದೊಡ್ಡದನ್ನು ನಮ್ಮ ಕ್ಯಾಂಪಿನ ಮೀನುಪೇಟೆಯ ಕಟ್ಟೆಯ ಮೇಲೆ ಮಲಗಿಸಿದರೆ ಪಕ್ಕದವರ ವ್ಯಾಪಾರಕ್ಕೆ ಜಾಗ ಉಳಿಯಲಿಕ್ಕಿಲ್ಲ.

ಈ ಸಂತತಿ ಚೆನ್ನಾಗಿದೆಯೇ ಎಂದು ಕೇಳಿದರೆ ಪೇಟೆಯಲ್ಲಿ ಸಿಗುವ ಉತ್ತರ ಬೆಲೆಯದು. ‘ಈ ವರ್ಷ ಭಾಳ ಬಂದದ, ಅಗ್ಗ ಆಗ್ಯದ’ ಎನ್ನುತ್ತಾರೆ. ಬೆಲೆ ನಂಬಲಿಕ್ಕೆ ಬಾರದ ಸಾಕ್ಷಿ. ಶ್ರಾವಣದಲ್ಲಿ ಬೆಲೆ ಇಳಿದರೆ ಕಡಲಲ್ಲಿ ಮೀನು ಹೆಚ್ಚಿತು ಎಂದು ಅರ್ಥವಲ್ಲ, ತಿನ್ನುವವರು ಕಡಿಮೆಯಾದರು ಅಷ್ಟೆ. ಡೀಸೆಲ್, ಮಂಜುಗಡ್ಡೆ, ಗೋವಾದ ಹೋಟೆಲುಗಳ ಸೀಸನ್, ಎಲ್ಲ ಸೇರಿ ಬೆಲೆಯಾಗುತ್ತದೆ. ಮಾಲು ಎಲ್ಲಿಯದು ಎಂಬುದೂ ಗೊತ್ತಾಗುವುದಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ನಿಷೇಧ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೇ ಮುಗಿಯುತ್ತದೆ. ಹಾಗಾಗಿ ಮಲಪ್ರಭೆ ಕೆಂಪಾಗಿ ಹರಿಯುವ ಆ ದಿನಗಳಲ್ಲಿ ಬೆಳಗಾವಿಯ ಕಟ್ಟೆಯ ಮೇಲಿನ ಸುರ್ಮಾಯಿ ಬಂಗಾಳ ಕೊಲ್ಲಿಯದೂ ಆಗಿರಬಹುದು. ಅದನ್ನು ನೋಡಿ ಅರಬ್ಬಿ ಸಮುದ್ರದ ಯೋಗಕ್ಷೇಮ ಹೇಳಲಿಕ್ಕೆ ಆಗದು.

ಹಾಗಾದರೆ ಏನು ನೋಡಬೇಕು? ಮೊದಲು ನೋಡಬೇಕಾದ್ದು ವಯಸ್ಸು. ಒಂದು ಊರಿಗೆ ಹೋಗಿದ್ದೀರಿ ಎಂದುಕೊಳ್ಳಿ. ಬೀದಿ ತುಂಬ ಜನ. ಆದರೆ ಎಲ್ಲರೂ ಹತ್ತು ವರ್ಷದೊಳಗಿನ ಮಕ್ಕಳು, ಹೆತ್ತವರು ಒಬ್ಬರೂ ಕಾಣುವುದಿಲ್ಲ. ಇನ್ನೊಂದು ಊರಿನಲ್ಲಿ ಕಟ್ಟೆ ಕಟ್ಟೆಗೂ ಗಟ್ಟಿಮುಟ್ಟಾದ ಮುದುಕರು, ತೊಟ್ಟಿಲು ಮಾತ್ರ ಒಂದೂ ತೂಗುವುದಿಲ್ಲ. ತಲೆ ಎಣಿಸಿದರೆ ಎರಡೂ ಊರು ತುಂಬಿವೆ. ಎರಡರ ಭವಿಷ್ಯವೂ ಕೆಟ್ಟಿದೆ. ಮೀನಿನ ಸಂತತಿಯನ್ನು ಅಳೆಯುವ ವಿಜ್ಞಾನಿಗಳು ಮಾಡುವುದು ಮುಖ್ಯವಾಗಿ ಈ ಊರಗಣತಿಯನ್ನೇ.

ಮೀನಿಗೆ ಜಾತಕ ಇಲ್ಲ. ವಯಸ್ಸು ತಿಳಿಯಲು ತಲೆಬುರುಡೆಯ ಒಳಗಿರುವ ಪುಟ್ಟ ಕಿವಿಕಲ್ಲನ್ನು ತೆಗೆದು ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಉಂಗುರ ಎಣಿಸಬೇಕು. ಚಳಿದೇಶದ ಕಡಲಲ್ಲಿ ಉಂಗುರ ಸ್ಪಷ್ಟವಾಗಿ ಮೂಡುತ್ತದೆ. ವರ್ಷವಿಡೀ ಬೆಚ್ಚಗಿರುವ ನಮ್ಮ ಕಡಲಲ್ಲಿ ಅದು ಮಸುಕು. ಅದಕ್ಕೇ ನಮ್ಮ ಕಡೆ ಉದ್ದವನ್ನು ನೆಚ್ಚಿಕೊಳ್ಳುವುದು ರೂಢಿ. ಸಾವಿರಾರು ಮೀನುಗಳ ಉದ್ದವನ್ನು ತಿಂಗಳು ತಿಂಗಳೂ ಅಳೆದು ಬರೆದಿಟ್ಟರೆ ಒಂದೇ ಸಾಲಿನಲ್ಲಿ ಹುಟ್ಟಿದ ಮರಿಗಳ ಗುಂಪು ಹೇಗೆ ಬೆಳೆಯುತ್ತ ಹೋಗುತ್ತದೆ, ಯಾವ ಉದ್ದಕ್ಕೆ ಬರುವ ಹೊತ್ತಿಗೆ ಎಷ್ಟು ತೆಳುವಾಗುತ್ತದೆ ಎಂಬುದು ಕಾಣುತ್ತದೆ. ಆ ತೆಳುವಾಗುವಿಕೆಯಿಂದ ಸಾವಿನ ಲೆಕ್ಕ ಸಿಗುತ್ತದೆ. ಸಾಯುವ ಮೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಲೆ–ಗಾಳಕ್ಕೆ ಬಿದ್ದೇ ಸಾಯುತ್ತಿದ್ದರೆ ಹಿಡಿಯುವುದು ಮಿತಿಮೀರಿದೆ ಎಂದು ಎಚ್ಚರಗೊಳ್ಳಬೇಕು ಎಂಬುದು 1970ರ ದಶಕದಿಂದ ಬಳಕೆಯಲ್ಲಿರುವ ಒಂದು ಒರಟು ಅಳತೆ.

ಇದೆಲ್ಲ ಲೆಕ್ಕದವರ ಕೆಲಸ. ನನಗೆ ಇಷ್ಟವಾದದ್ದು ಜರ್ಮನಿಯ ವಿಜ್ಞಾನಿ ರೈನರ್ ಫ್ರೋಸ 2004ರಲ್ಲಿ ಮುಂದಿಟ್ಟ ಮೂರು ಪ್ರಶ್ನೆಗಳು. ಹಿಡಿದ ಮೀನುಗಳಲ್ಲಿ ಒಮ್ಮೆಯಾದರೂ ಮೊಟ್ಟೆಯಿಡುವ ವಯಸ್ಸಿಗೆ ಬಂದವು ಎಷ್ಟು? ಚೆನ್ನಾಗಿ ಬೆಳೆದು ತೂಕ ತುಂಬಿಕೊಂಡವು ಎಷ್ಟು? ಬಲು ದೊಡ್ಡ ಹಳೆಯ ತಾಯಂದಿರನ್ನು ನಾವು ಕಡಲಲ್ಲೇ ಉಳಿಸಿದ್ದೇವೆಯೇ? ಮೂರಕ್ಕೂ ಉತ್ತರಿಸಲು ದೊಡ್ಡ ಯಂತ್ರ ಬೇಡ, ಒಂದು ಅಳತೆಪಟ್ಟಿ ಸಾಕು. ಮೂರನೆಯ ಪ್ರಶ್ನೆ ಸುಲಭವಾಗಿ ಮರೆತುಹೋಗುತ್ತದೆ. ನಮ್ಮ ಮನೆಗಳಲ್ಲಿ ದೊಡ್ಡ ಮೀನಿನ ಹೊಟ್ಟೆಯಲ್ಲಿ ಗಾಬೋಳಿ ಸಿಕ್ಕರೆ ಹಬ್ಬ. ಒಂದು ದೊಡ್ಡ ಹೆಣ್ಣಿನ ಗಾಬೋಳಿಯಲ್ಲಿರುವ ಮೊಟ್ಟೆಗಳಷ್ಟು ಮೊಟ್ಟೆ ಒಟ್ಟು ಆಕೆಯಷ್ಟೇ ತೂಗುವ ಹಲವು ಸಣ್ಣ ಹೆಣ್ಣುಗಳು ಸೇರಿದರೂ ಸಿಗುವುದು ಅಪರೂಪ.

ಈಗ ಸುರ್ಮಾಯಿಯ ಉದ್ದಕ್ಕೆ ಬರೋಣ. ಈ ಮೀನು ಮೊದಲ ಸಲ ಮೊಟ್ಟೆಗೆ ಬರುವುದು ಸುಮಾರು 70ರಿಂದ 75 ಸೆಂಟಿಮೀಟರ್ ಆದಾಗ, ವಯಸ್ಸು ಎರಡರ ಆಸುಪಾಸು. ತೂಕದಲ್ಲಿ ಹೇಳಬೇಕೆಂದರೆ ಹೆಚ್ಚುಕಡಿಮೆ ಮೂರು ಕಿಲೋ. ಹಾಗೆಂದರೆ ‘ಸಣ್ಣ ಸಂಸಾರಕ್ಕೆ ಸಾಕು’ ಎಂದು ನಾವು ಚೀಲಕ್ಕೆ ಹಾಕಿಕೊಳ್ಳುವ ಒಂದು ಕಿಲೋದ ಸುರ್ಮಾಯಿ ಇನ್ನೂ ಮರಿ. ಅದು ತನ್ನ ಬದಲಿಗೆ ಕಡಲಲ್ಲಿ ಒಂದು ಮೀನನ್ನೂ ಬಿಟ್ಟು ಬಂದಿಲ್ಲ.

ಇಲ್ಲೊಂದು ತೊಡಕಿದೆ. ಸುರ್ಮಾಯಿ ಎಂದು ಮಾರುವ ಮೀನು ಒಂದೇ ಜಾತಿಯದಲ್ಲ. ಅಡ್ಡಪಟ್ಟಿಗಳ ದೊಡ್ಡ ಸುರ್ಮಾಯಿ ಒಂದು. ಮೈಮೇಲೆ ದುಂಡು ಚುಕ್ಕೆಗಳಿರುವ ಸಣ್ಣ ಜಾತಿ ಇನ್ನೊಂದು. ಚುಕ್ಕೆಯದು ಸುಮಾರು 40 ಸೆಂಟಿಮೀಟರಿಗೇ ಪ್ರಾಯಕ್ಕೆ ಬರುತ್ತದೆ. ಒಂದು ಕಿಲೋದ ಚುಕ್ಕೆ ಸುರ್ಮಾಯಿ ಮಕ್ಕಳೊಂದಿಗ, ಒಂದು ಕಿಲೋದ ಪಟ್ಟೆ ಸುರ್ಮಾಯಿ ಹಸುಗೂಸು. ಚುಕ್ಕೆ ನೋಡಿ ಹೇಳೋಣವೆಂದರೆ ಪಟ್ಟೆ ಜಾತಿಯ ಮರಿಗಳಿಗೂ ಎಳೆಯದರಲ್ಲಿ ಚುಕ್ಕೆಗಳಿರುತ್ತವೆ. ಮೋಸ ಹೋಗದ ಗುರುತು ಪಕ್ಕೆಯ ಮೇಲೆ ತಲೆಯಿಂದ ಬಾಲದವರೆಗೆ ಓಡುವ ಸಣ್ಣ ಗೆರೆ. ದೊಡ್ಡ ಜಾತಿಯಲ್ಲಿ ಈ ಗೆರೆ ಬೆನ್ನಿನ ಎರಡನೆಯ ರೆಕ್ಕೆ ಮುಗಿಯುವಲ್ಲಿ ಫಕ್ಕನೆ ಕೆಳಕ್ಕೆ ಮುರಿದು ಇಳಿಯುತ್ತದೆ. ಚುಕ್ಕೆ ಜಾತಿಯಲ್ಲಿ ನಿಧಾನವಾಗಿ ಬಾಗುತ್ತ ಹೋಗುತ್ತದೆ. ಒಮ್ಮೆ ನೋಡಿ ಕಲಿತರೆ ಮರೆಯುವುದಿಲ್ಲ.

ಜಾತಿ ಬೇರೆ ಮಾಡದೆ ಎಣಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ಪಾಠ ನಡೆದುಹೋಗಿದೆ. ಅದು ಕಡಲಿನದಲ್ಲ, ಕಾವೇರಿಯದು. ಆದರೆ ಅದರ ಒಂದು ಕೊನೆ ನಮ್ಮ ಖಾನಾಪುರದ ಕಡೆಗೂ ಚಾಚಿಕೊಂಡಿದೆ.

ಮಹಸೀರ್ ಭಾರತದ ಗಾಳಗಾರರ ಪರಮ ಮೀನು. ಅದರ ಬಗ್ಗೆ ಹೆಸರಾಂತ ಮೊದಲ ಇಂಗ್ಲಿಷ್ ಪುಸ್ತಕವನ್ನು ಬರೆದವರು ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. 1873ರಲ್ಲಿ ಅದು ಅಚ್ಚಾದದ್ದು ಮಂಗಳೂರಿನಲ್ಲಿ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡು, ಅಂದರೆ 54 ಕಿಲೋ. ಆಮೇಲೆ ಕಾವೇರಿಯಲ್ಲಿ ಹಿಡಿದು ಅಳೆದು ಮತ್ತೆ ನೀರಿಗೆ ಬಿಡುವ ಪದ್ಧತಿ ಬಂತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಶಿಬಿರಗಳಿಗೆ ದೇಶವಿದೇಶದ ಗಾಳಗಾರರು ಬಂದರು. ಗಾಳಿಬೋರೆಯಲ್ಲಿ ಒಂದು ಒಳ್ಳೆಯ ಅಭ್ಯಾಸವಿತ್ತು. ಯಾರು, ಎಷ್ಟು ಹೊತ್ತು ಗಾಳ ಹಾಕಿದರು, ಏನು ಸಿಕ್ಕಿತು, ತೂಕ ಎಷ್ಟು ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಯನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಲೆಕ್ಕ ಹಾಕಿದರು. 23,620 ಗಂಟೆಗಳ ಗಾಳ, 6,161 ಮಹಸೀರ್. ಅತಿ ದೊಡ್ಡದು 46.8 ಕಿಲೋ. ವರ್ಷದಿಂದ ವರ್ಷಕ್ಕೆ ಸಿಕ್ಕುವ ಮೀನಿನ ಸಂಖ್ಯೆ ಏರಿದೆ, ಸರಾಸರಿ ತೂಕ ಇಳಿದಿದೆ. ಮರಿಗಳು ಚೆನ್ನಾಗಿ ಬರುತ್ತಿವೆ, ನದಿ ಸುಖವಾಗಿದೆ ಎಂದೇ ಅದರ ಮೇಲ್ನೋಟದ ಅರ್ಥ.

ಅದೇ ಪುಸ್ತಕವನ್ನು ಜಾತಿವಾರು ಬಿಡಿಸಿದಾಗ ಚಿತ್ರ ತಲೆಕೆಳಗಾಯಿತು. ಏರುತ್ತಿದ್ದದ್ದು ನೀಲಿ ರೆಕ್ಕೆಯ ಮಹಸೀರ್. ಕಾವೇರಿಯ ಮೂಲನಿವಾಸಿ, ಬೆನ್ನುಗೂನಿನ ಕಿತ್ತಳೆ ರೆಕ್ಕೆಯ ಮಹಸೀರ್ ಮಾಯವಾಗುತ್ತಿತ್ತು. ವರ್ಷ ಹೋದಂತೆ ಸಿಕ್ಕುವ ಗೂನು ಮಹಸೀರ್ ಸರಾಸರಿಯಲ್ಲಿ ದೊಡ್ಡದಾಗುತ್ತ ಹೋಗಿತ್ತು. ಗಾಳಗಾರ ಅದನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡು ಕುಣಿದಿರಬೇಕು. ಆ ದೊಡ್ಡ ಮೀನೇ ಕೆಟ್ಟ ಸುದ್ದಿ; ಮರಿಗಳೇ ಬರುತ್ತಿಲ್ಲ, ಮುದುಕರಷ್ಟೇ ಉಳಿದಿದ್ದಾರೆ ಎಂಬುದಕ್ಕೆ ಸಾಕ್ಷಿ. ಅಷ್ಟು ಪ್ರಸಿದ್ಧವಾದ ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಕೂಡ ನಿಗದಿಯಾಗಿರಲಿಲ್ಲ. 2018ರಲ್ಲಿ ಅದು ಟೋರ್ ರೆಮಾದೇವಿ ಎಂದು ಖಚಿತವಾಯಿತು. ಅದೇ ವರ್ಷ ಅಳಿವಿನ ಅಂಚಿನ ಕೆಂಪು ಪಟ್ಟಿಗೂ ಸೇರಿತು.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? 1970ರ ದಶಕದಿಂದ ಲೋಣಾವಳೆಯ ಟಾಟಾ ವಿದ್ಯುತ್ ಕಂಪನಿಯ ಮೀನುಮರಿ ಕೇಂದ್ರದಲ್ಲಿ ಈ ಜಾತಿಯನ್ನು ಬೆಳೆಸಿ ದೇಶದ ಅನೇಕ ಕಡೆ ಹಂಚಿದರು. ಒಳ್ಳೆಯ ಮನಸ್ಸಿನಿಂದಲೇ ಕಾವೇರಿಗೂ ಬಿಟ್ಟರು. ಆ ಮೀನನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಕರ್ನಲ್ ಸೈಕ್ಸ್, 1839ರಲ್ಲಿ, ಪುಣೆಯ ಮುಳಾ–ಮುಠಾ ನದಿಯಿಂದ. ಮುಳಾ–ಮುಠಾ ಭೀಮೆಗೆ ಸೇರಿ, ಭೀಮೆ ಕೃಷ್ಣೆಗೆ ಸೇರುತ್ತದೆ. ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಪಕ್ಕ ಹರಿಯುವ ಮಲಪ್ರಭೆಯೂ, ಗೋಕಾಕದ ಘಟಪ್ರಭೆಯೂ ಕೃಷ್ಣೆಯ ಮಕ್ಕಳೇ. ಕಾವೇರಿಯಲ್ಲಿ ಅತಿಕ್ರಮಣಕಾರನಾದ ಮೀನು ನಮ್ಮ ಕೃಷ್ಣಾ ಕೊಳ್ಳದ ಸ್ವಂತ ಮಗ. ಎಲ್ಲಿಯ ಮೀನು ಎಂದು ಕೇಳದೆ ಎಣಿಸಿದರೆ ಒಂದು ನದಿಯ ನಷ್ಟವೇ ಲಾಭವಾಗಿ ಕಾಣುತ್ತದೆ. ಆ ಶಿಬಿರಗಳಿದ್ದ ಅಭಯಾರಣ್ಯದೊಳಗೆ ವನ್ಯಜೀವಿ ಕಾಯ್ದೆಯಿಂದಾಗಿ ಗಾಳ ನಿಂತ ಮೇಲೆ ಗಾಳಿಬೋರೆಯ ಆ ಪುಸ್ತಕವೂ ನಿಂತಿತು. ಕಾಯ್ದೆ ಸರಿಯೋ ತಪ್ಪೋ, ಆ ವಾದ ಬೇರೆ. ಆ ಗೂನು ಮೀನಿನ ಮೇಲೆ ಕಣ್ಣಿಟ್ಟಿದ್ದ ಕಾವಲುಗಾರರು ಹೊರಟುಹೋದದ್ದು ನನ್ನ ಪ್ರಕಾರ ನಷ್ಟ.

ಗಂಟೆಗೆ ಎಷ್ಟು ಮೀನು ಎಂಬ ಲೆಕ್ಕ ಇನ್ನೊಂದು ರೀತಿಯಲ್ಲೂ ಕೈಕೊಡುತ್ತದೆ. ಕೆನಡಾದ ನ್ಯೂಫೌಂಡ್ಲೆಂಡಿನ ಕಾಡ್ ಮೀನು ಗುಂಪು ಕಟ್ಟುವ ಮೀನು. ಸಂಖ್ಯೆ ಕುಸಿಯುತ್ತಿದ್ದರೂ ಉಳಿದವು ಒಂದೆಡೆ ಒತ್ತಾಗಿ ಸೇರುತ್ತಿದ್ದವು. ದೋಣಿಗಳು ಯಂತ್ರದ ಕಣ್ಣಿನಿಂದ ನೇರ ಅಲ್ಲಿಗೇ ಹೋಗುತ್ತಿದ್ದವು. ಬಲೆ ತುಂಬುತ್ತಲೇ ಇತ್ತು. 1992ರ ಜುಲೈಯಲ್ಲಿ ಸರಕಾರ ಮೀನುಗಾರಿಕೆಯನ್ನೇ ಮುಚ್ಚಿದಾಗ ಸಾವಿರಾರು ಜನ ಒಂದೇ ದಿನ ಕೆಲಸ ಕಳೆದುಕೊಂಡರು. ಸುರ್ಮಾಯಿಯೂ ಹಿಂಡು ಕಟ್ಟಿ ಬಂಡೆ, ದ್ವೀಪಗಳ ಸುತ್ತ ತಿರುಗುವ ಮೀನು. ನೇತ್ರಾಣಿ ದ್ವೀಪದ ಬಳಿ ಗಾಳ ಹಾಕುವವರಿಗೆ ಇದು ಗೊತ್ತು. ಗೊತ್ತಿರುವ ಜಾಗದಲ್ಲಿ ಸಿಗುತ್ತಿದೆ ಎಂಬುದರಿಂದ ಉಳಿದ ಕಡಲಿನ ಬಗ್ಗೆ ಏನೂ ತಿಳಿಯುವುದಿಲ್ಲ.

ತಾರ್ಲಿಯ ಕತೆ ಬೇರೆ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದ ತಾರ್ಲಿ 2021ರಲ್ಲಿ 3,297 ಟನ್ನಿಗೆ ಬಿತ್ತು. ಮರುವರ್ಷವೇ ಲಕ್ಷ ಟನ್ನು ದಾಟಿತು. ತಾರ್ಲಿ ವರ್ಷದೊಳಗೆ ಮೊಟ್ಟೆಗೆ ಬರುವ ಮೀನು, ಬಿದ್ದಷ್ಟೇ ಬೇಗ ಏಳುತ್ತದೆ. ಸುರ್ಮಾಯಿಗೆ ಆ ಚುರುಕು ಇಲ್ಲ.

ಸರಕಾರಿ ಲೆಕ್ಕ ಏನು ಹೇಳುತ್ತದೆ ಎಂದು ನೀವು ಕೇಳಬಹುದು. 1947ರಲ್ಲಿ ಶುರುವಾದ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಗಳು ನಮ್ಮ ಮಂಗಳೂರಿನಲ್ಲೂ ಕಾರವಾರದಲ್ಲೂ ಇವೆ. ದೇಶದ ಸಾವಿರಕ್ಕೂ ಹೆಚ್ಚು ಮೀನಿಳಿಸುವ ತಾಣಗಳಲ್ಲಿ ಎಲ್ಲ ದೋಣಿಗಳನ್ನೂ ಎಣಿಸಲು ಆಗದು. ಅದಕ್ಕೇ ಚೀಟಿ ಎತ್ತಿದಂತೆ ದಿನ, ತಾಣ, ದೋಣಿಗಳನ್ನು ಆರಿಸಿ, ಅಲ್ಲಿ ನಿಂತು ಬರೆದುಕೊಂಡು ಒಟ್ಟು ಅಂದಾಜು ಮಾಡುತ್ತಾರೆ. ಬಿಸಿಲು, ನಾತ, ಹರಾಜಿನ ಗದ್ದಲದ ನಡುವೆ ಸ್ಕೇಲು ಹಿಡಿದು ನಿಲ್ಲುವ ಕೆಲಸ. ಆ ಸಂಸ್ಥೆ 2022ರಲ್ಲಿ ಬೇರೆಬೇರೆ ಪ್ರದೇಶಗಳ 135 ಮೀನುಸಂಗ್ರಹಗಳನ್ನು ಪರೀಕ್ಷಿಸಿ ಶೇ. 91.1ರಷ್ಟು ಆರೋಗ್ಯವಾಗಿವೆ ಎಂದಿತು. ಇತ್ತ ಸೆಶೆಲ್ಸ್‌ನಲ್ಲಿ ಕಚೇರಿಯಿರುವ ಹಿಂದೂ ಮಹಾಸಾಗರ ಟ್ಯೂನಾ ಆಯೋಗ 2017ರ ಅಂದಾಜಿನಲ್ಲಿ ಪಟ್ಟೆ ಸುರ್ಮಾಯಿಯನ್ನು ‘ಸಂತತಿ ಕುಗ್ಗಿದೆ, ಇನ್ನೂ ಅತಿಯಾಗಿ ಹಿಡಿಯುತ್ತಿದ್ದಾರೆ’ ಎಂಬ ಸಾಲಿನಲ್ಲಿ ಇಟ್ಟಿತು. ಮೊದಲನೆಯದು ಎಲ್ಲ ಮೀನುಗಳ ಒಟ್ಟು ಅಂಕ. ಎರಡನೆಯದು ಒಂದೇ ಮೀನಿನ ಅಂಕ, ಆದರೆ ಇಡೀ ಮಹಾಸಾಗರಕ್ಕೆ ಸೇರಿಸಿ, ಹೆಚ್ಚಾಗಿ ದೇಶಗಳು ಹಿಡಿದೆವೆಂದು ವರದಿ ಮಾಡಿದ ಮೀನಿನ ಟನ್ನುಗಳಿಂದಲೇ ಮಾಡಿದ ಅಂದಾಜು. ಒಂದರಲ್ಲಿ ಸುರ್ಮಾಯಿ ಗುಂಪಿನೊಳಗೆ ಕರಗಿಹೋಗಿದೆ, ಇನ್ನೊಂದರಲ್ಲಿ ಉದ್ದದ ಅಳತೆ ಸಾಲದು. ಎರಡರಲ್ಲಿ ಯಾವುದನ್ನು ನಂಬಬೇಕು ಎಂದರೆ, ನಿಧಾನವಾಗಿ ಪ್ರಾಯಕ್ಕೆ ಬರುವ ಮೀನಿನ ವಿಷಯದಲ್ಲಿ ನಾನು ಎಚ್ಚರಿಕೆಯ ಕಡೆಗೇ ವಾಲುತ್ತೇನೆ.

ಖಾನಾಪುರದವರಿಗೆ ಇನ್ನೊಂದು ಮೀನಿನ ಮಾತು. ನಿಮ್ಮ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹಾದಾಯಿ ಗೋವಾದಲ್ಲಿ ಮಾಂಡೋವಿಯಾಗಿ ಪಣಜಿಯ ಬಳಿ ಕಡಲು ಸೇರುತ್ತದೆ. ಅಂಥ ಉಪ್ಪು–ಸಿಹಿ ಬೆರೆಯುವ ನೀರಿನಲ್ಲಿ ಗಾಳಗಾರರು ಹುಡುಕುವ ಮೀನು ಚೊಣಕ್. ಮೊಟ್ಟೆ ಇಡುವುದು ಅಳಿವೆಯ ಉಪ್ಪುನೀರಿನಲ್ಲಿ, ಮರಿಗಳು ಬೆಳೆಯಲು ಏರುವುದು ಸಿಹಿನೀರಿನ ಕಡೆಗೆ. ಚೊಣಕ್‌ಗಳಲ್ಲಿ ಬಹುಪಾಲು ಹುಟ್ಟಿ ಮೊದಲು ಪ್ರಾಯಕ್ಕೆ ಬರುವುದು ಗಂಡಾಗಿ. ಆರೇಳು ವರ್ಷವಾಗಿ ದೊಡ್ಡದಾದ ಮೇಲೆ ಹೆಣ್ಣಾಗುತ್ತವೆ. ಹಾಗಾಗಿ ದೊಡ್ಡ ಚೊಣಕ್‌ಗಳನ್ನೇ ಆರಿಸಿ ತೆಗೆದರೆ ಅಳಿವೆಯಲ್ಲಿ ಹೆಚ್ಚಾಗಿ ಗಂಡುಗಳೇ ಉಳಿಯುತ್ತವೆ. ಸುರ್ಮಾಯಿಯಾದರೆ ಮೊದಲು ‘ಸಣ್ಣದನ್ನು ಬಿಡಿ’ ಎನ್ನಬೇಕು. ಚೊಣಕ್‌ಗೆ ಸಣ್ಣದನ್ನೂ ಬಿಡಿ, ತೀರ ದೊಡ್ಡದನ್ನೂ ಬಿಡಿ, ನಡುವಿನದನ್ನು ಹಿಡಿಯಿರಿ ಎನ್ನಬೇಕಾಗುತ್ತದೆ. 2018ರ ಆಗಸ್ಟ್ 14ರಂದು ಮಹಾದಾಯಿ ನ್ಯಾಯಮಂಡಳಿ ಆ ನದಿಯ ನೀರನ್ನು ಇತ್ತ ತಿರುಗಿಸುವ ಕಳಸಾ–ಬಂಡೂರಿ ಯೋಜನೆಗೆ 3.9 ಟಿಎಂಸಿ ಎಂದು ತೀರ್ಪು ಕೊಟ್ಟಿತು. ಹುಬ್ಬಳ್ಳಿ–ಧಾರವಾಡದ ನಲ್ಲಿಗೆ ನೀರು ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ನೀರು ತಿರುಗಿಸುವ ಮೊದಲು ಒಂದಷ್ಟು ವರ್ಷ ಅಳಿವೆಯ ಮೀನಿನ ಉದ್ದ–ಲಿಂಗಗಳನ್ನು ಅಳೆದು ಬರೆದಿಟ್ಟರೆ ನಾಳೆ ಎರಡೂ ರಾಜ್ಯಗಳ ಜಗಳದಲ್ಲಿ ಊಹೆ ಸ್ವಲ್ಪ ಕಡಿಮೆಯಾದೀತು ಎಂಬುದಷ್ಟೇ ನನ್ನ ಮಾತು.

ಗಾಳದ ಹವ್ಯಾಸಿಗಳಿಗೆ ಒಂದು ವಿನಂತಿ. ಗೋವಾಕ್ಕೋ ಕಾರವಾರಕ್ಕೋ ಹೋದಾಗ ಸಿಕ್ಕ ಮೀನಿನ ಫೋಟೊ ಜೊತೆ ಜಾತಿ, ಉದ್ದ, ಜಾಗ, ಎಷ್ಟು ಗಂಟೆ ಗಾಳ ಹಾಕಿದಿರಿ ಎಂಬುದನ್ನೂ ಬರೆದಿಡಿ. ಏನೂ ಸಿಗದೆ ಬರಿಗೈಲಿ ಬಂದ ದಿನವನ್ನೂ ತಪ್ಪದೆ ಬರೆಯಿರಿ. ಆ ದಿನಗಳನ್ನು ಬಿಟ್ಟ ಪುಸ್ತಕ ಜಂಬದ ಪುಸ್ತಕ, ಲೆಕ್ಕಕ್ಕೆ ಬಾರದು.

ಕೊಳ್ಳುವ ನಮಗೆಲ್ಲ ಇನ್ನೂ ಸುಲಭದ ಕೆಲಸವಿದೆ. ತುಂಡು ಕೊಳ್ಳಬೇಡಿ, ಇಡೀ ಮೀನು ನೋಡಿ ಆಮೇಲೆ ಕತ್ತರಿಸಿ ಕೊಡಲು ಹೇಳಿ. ದೊಡ್ಡ ಮೀನಾದರೆ ಎರಡು ಮೂರು ಮನೆಯವರು ಸೇರಿ ಹಂಚಿಕೊಳ್ಳಿ. ಪಕ್ಕೆಯ ಗೆರೆ ಫಕ್ಕನೆ ಕೆಳಗೆ ಮುರಿದಿದ್ದು, ಉದ್ದ ಮುಕ್ಕಾಲು ಮೀಟರಿಗಿಂತ ಕಡಿಮೆಯಿದ್ದರೆ ಆ ಸುರ್ಮಾಯಿಯನ್ನು ಕಟ್ಟೆಯ ಮೇಲೆಯೇ ಬಿಡಿ, ಯಾಕೆ ಬೇಡ ಎಂದು ಮಾರುವವರಿಗೆ ಹೇಳಿ. ಆ ದಿನಕ್ಕೆ ಬಾಂಗಡಾ ಕೊಂಡು ಮನೆಗೆ ಹೋಗಿ.